ಹೆಸರಿಗೆ ಮೈಲಿಗೆಯಾಯಿತೆಂಬ ಗೋಳು

2020ರ ಉತ್ತರಾರ್ಧದಲ್ಲಿ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳಿಗೆ ಗೇಟ್‌ವೇ ಹೆಸರಿನ ಲ್ಯಾಪ್‌ಟಾಪ್‌ಗಳು ಮರಳಿ ಬಂದವು. ಬೆಲೆ ಶುರುವಾಗುತ್ತಿದ್ದದ್ದು 200 ಡಾಲರಿನ ಆಸುಪಾಸಿನಿಂದ. ಮುಚ್ಚಳದ ಮೇಲೆ ಅದೇ ಹಳೆಯ ಕಪ್ಪು-ಬಿಳುಪು ಹಸುವಿನ ಮಚ್ಚೆಯ ಗುರುತು. 1990ರ ದಶಕದಲ್ಲಿ ಅದೇ ಮಚ್ಚೆಯ ರಟ್ಟಿನ ಪೆಟ್ಟಿಗೆ ಮನೆ ಬಾಗಿಲಿಗೆ ಬಂದಾಗ ಕುಣಿದಾಡಿದ್ದವರು, ಈಗ ನಡುವಯಸ್ಸು ದಾಟಿದವರು, ಒಂದೇ ರಾಗದಲ್ಲಿ ಗೋಳಾಡಿದರು: ಎಂಥ ಹೆಸರು, ಎಂಥ ಗತಿ! ಒಂದು ಕಾಲಕ್ಕೆ ಮರ್ಯಾದೆಯಿಂದ ಬಾಳಿದ ಹೆಸರನ್ನು ಸಂತೆಯ ಮಾಲಿಗೆ ಅಂಟಿಸಿದರಲ್ಲ ಎಂಬುದು ಅವರ ಸಂಕಟ. ಕಂಪ್ಯೂಟರ್ ವಿಮರ್ಶಕರಲ್ಲೂ ಬಹಳ ಮಂದಿ ಇದನ್ನೇ ಹಾಡಿದರು. ಕಾಂಪ್ಯಾಕ್, ವಾಯೊ, ಪ್ಯಾಕರ್ಡ್ ಬೆಲ್, ಹೀಗೆ ಯಾವ ಹಳೆಯ ಹೆಸರು ಅಗ್ಗದ ಸರಕಿನ ಮೇಲೆ ಎದ್ದು ಬಂದರೂ ಈ ಹಾಡು ಮತ್ತೆ ಕೇಳಿಸುತ್ತದೆ.

ಈ ಗೋಳಿನಲ್ಲಿ ನನಗೆ ಪಾಲು ಬೇಡ. ಆ ಲ್ಯಾಪ್‌ಟಾಪ್‌ಗಳು ಅದ್ಭುತ ಎಂದು ವಕಾಲತ್ತು ವಹಿಸಲು ಹೊರಟಿಲ್ಲ. ಅವುಗಳಲ್ಲಿ ಕೆಲವು ಕೊಳ್ಳಲೇಬಾರದಂಥವು. ನನ್ನ ತಕರಾರು ಬೇರೆ. ಹೆಸರಿಗೆ ಮೈಲಿಗೆಯಾಯಿತು ಎಂದು ಅಳುವವರು ಹಳೆಯ ಹೆಸರನ್ನೂ ಸರಿಯಾಗಿ ನೋಡಲಿಲ್ಲ, ಹೊಸ ಯಂತ್ರವನ್ನೂ ಸರಿಯಾಗಿ ನೋಡಲಿಲ್ಲ. ಅವರ ದೃಷ್ಟಿಯಲ್ಲಿ ಅಪರಾಧ ಅಗ್ಗದ್ದು. ನನ್ನ ಲೆಕ್ಕದಲ್ಲಿ ಅಪರಾಧ ಬೇರೆ ಕಡೆ ಇದೆ, ಮತ್ತು ಅದು ಅಗ್ಗದ ಸರಕಿಗಷ್ಟೇ ಸೀಮಿತವಲ್ಲ.

ಮೊದಲು ಗೇಟ್‌ವೇಯ ಕುಲಗೋತ್ರ ನೋಡೋಣ. 1985ರಲ್ಲಿ ಅಯೋವಾ ರಾಜ್ಯದ ಸೂ ಸಿಟಿ ಬಳಿಯ ದನ ಸಾಕುವ ಫಾರ್ಮಿನಲ್ಲಿ ಟೆಡ್ ವೇಟ್ ಎಂಬ, ಕಾಲೇಜು ಅರ್ಧಕ್ಕೆ ಬಿಟ್ಟ ಹುಡುಗ ಗೆಳೆಯ ಮೈಕ್ ಹ್ಯಾಮಂಡ್ ಜೊತೆ ಸೇರಿ ವ್ಯಾಪಾರಕ್ಕಿಳಿದ. ಬಂಡವಾಳ, ಅಜ್ಜಿಯ ಜಾಮೀನಿನ ಮೇಲೆ ಎತ್ತಿದ 10,000 ಡಾಲರ್ ಸಾಲ. ಮೊದಮೊದಲು ಮಾರಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪ್ಯೂಟರ್ ಇಟ್ಟುಕೊಂಡವರಿಗೆ ಬೇಕಾದ ಬಿಡಿಸಾಮಾನು. ಆಮೇಲೆ ಪೂರ್ತಿ ಕಂಪ್ಯೂಟರ್. ಪ್ರೊಸೆಸರ್ ಇಂಟೆಲ್‌ನದು, ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನದು, ಡಿಸ್ಕು, ಮಾನಿಟರು, ಕೀಬೋರ್ಡು ಎಲ್ಲವೂ ಕೊಂಡು ತಂದವು. ಜೋಡಿಸುವುದು, ಪತ್ರಿಕೆಯಲ್ಲಿ ಜಾಹೀರಾತು ಕೊಡುವುದು, ಫೋನಿನಲ್ಲಿ ಆರ್ಡರ್ ಹಿಡಿಯುವುದು, ನಡುವಿನ ಅಂಗಡಿಯವನ ಕಮಿಷನ್ ಉಳಿಸಿ ಅಷ್ಟು ಕಡಿಮೆಗೆ ಕೊಡುವುದು: ಕಂಪನಿಯ ವಿದ್ಯೆ ಇಷ್ಟೇ. 1990ರಲ್ಲಿ ಪಕ್ಕದ ಸೌತ್ ಡಕೋಟಾಕ್ಕೆ ಗಂಟು ಕಟ್ಟಿಕೊಂಡು ಹೋದದ್ದೂ ಖರ್ಚಿನ ಲೆಕ್ಕಾಚಾರದಿಂದಲೇ.

ಆ ಕಾಲಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಕಂಪ್ಯೂಟರ್ ಕೊಳ್ಳಲು ಹೋದವರಿಗೆ ಎರಡು ಜಾತಿ ಗೊತ್ತಿದ್ದವು: ‘ಬ್ರ್ಯಾಂಡೆಡ್’ ಮತ್ತು ‘ಅಸೆಂಬಲ್ಡ್’. ಬ್ರ್ಯಾಂಡೆಡ್ ಅಂದರೆ ದುಡ್ಡಿದ್ದವರ, ಕಚೇರಿಯವರ ಮಾಲು. ಅಸೆಂಬಲ್ಡ್ ಅಂದರೆ ಮದರ್‌ಬೋರ್ಡ್ ಒಂದು ಅಂಗಡಿಯಿಂದ, ಕ್ಯಾಬಿನೆಟ್ ಇನ್ನೊಂದರಿಂದ ತಂದು, ಕೌಂಟರಿನ ಮೇಲೇ ಸ್ಕ್ರೂ ಬಿಗಿದು ಕೊಟ್ಟದ್ದು. ಗೇಟ್‌ವೇ ಮಾಡಿದ್ದೂ ಇದನ್ನೇ, ಸಾವಿರಾರು ಪಟ್ಟು ದೊಡ್ಡ ಪ್ರಮಾಣದಲ್ಲಿ, ಚೆಂದದ ಪೆಟ್ಟಿಗೆಯಲ್ಲಿಟ್ಟು. ಅಮೆರಿಕನ್ನರ ಅಸೆಂಬಲ್ಡ್ ಮಾಲು ಅದು. ಐಬಿಎಂ ಕೊಳ್ಳುವವರು ಅದರ ಮಚ್ಚೆ ಪೆಟ್ಟಿಗೆ ನೋಡಿ ಮೂಗು ಮುರಿದಿರಲಾರರು ಎಂದು ನಂಬುವುದು ಕಷ್ಟ. ಅಗ್ಗಕ್ಕೆ ಕೊಡುವುದು ಗೇಟ್‌ವೇಯ ಮೇಲೆ ಯಾರೋ ಈಚೆಗೆ ಹೇರಿದ ಅವಮಾನವಲ್ಲ. ಅದು ಹುಟ್ಟಿನಿಂದ ಬಂದ ಕಸುಬು.

ಹಾಗಾದರೆ ಜನ ಪ್ರೀತಿಸಿದ್ದು ಏನನ್ನು? ಫೋನ್ ಮಾಡಿದರೆ ಆ ತುದಿಯಲ್ಲಿ ಒಬ್ಬರು ಎತ್ತುತ್ತಿದ್ದರು ಎಂಬುದನ್ನು. ಯಾವ ಡಿಸ್ಕು, ಎಷ್ಟು ಮೆಮೊರಿ, ಯಾವ ಗ್ರಾಫಿಕ್ಸ್ ಕಾರ್ಡು ಎಂದು ಕೇಳಿ ಹಾಕಿ ಕೊಡುತ್ತಿದ್ದರು, ಕೆಟ್ಟರೆ ಆ ಭಾಗ ಕಳಿಸುತ್ತಿದ್ದರು, ಕ್ಯಾಬಿನೆಟ್ ಬಿಚ್ಚಿ ನಾವೇ ಬದಲಿಸಬಹುದಿತ್ತು. ಹೆಸರಿಗೆ ಕಟ್ಟಿದ ಬೆಲೆ ಇದು. ಮುಚ್ಚಳದ ಪ್ಲಾಸ್ಟಿಕ್ಕಿಗಲ್ಲ.

ಈ ಒಳ್ಳೆಯ ಕಾಲವನ್ನೂ ಸತ್ಯಯುಗ ಮಾಡುವುದು ಬೇಡ. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಕರಾರು ಕಾಯ್ದೆಯ ಪಾಠದಲ್ಲಿ ಓದುವ ಒಂದು ತೀರ್ಪಿದೆ, 1997ರದು. ಒಂದು ದಂಪತಿ ಫೋನಿನಲ್ಲಿ ಗೇಟ್‌ವೇ ಕಂಪ್ಯೂಟರ್ ಆರ್ಡರ್ ಮಾಡಿದರು, ಕ್ರೆಡಿಟ್ ಕಾರ್ಡ್ ಸಂಖ್ಯೆ ಕೊಟ್ಟರು. ಪೆಟ್ಟಿಗೆ ಬಂತು. ಒಳಗೆ ಷರತ್ತುಗಳ ಕಾಗದ: 30 ದಿನದೊಳಗೆ ಹಿಂದಿರುಗಿಸದಿದ್ದರೆ ಇವೆಲ್ಲಕ್ಕೂ ನೀವು ಒಪ್ಪಿದಂತೆ. ಅದರಲ್ಲಿ ಒಂದು, ತಕರಾರಿದ್ದರೆ ಕೋರ್ಟಿಗೆ ಹೋಗದೆ ಮಧ್ಯಸ್ಥಿಕೆಗೆ ಹೋಗಬೇಕೆಂಬುದು. ಅವರು ಯಂತ್ರದ ಭಾಗಗಳ ಬಗ್ಗೆ ದೂರು ಎತ್ತಿದ್ದು 30 ದಿನ ಕಳೆದ ಮೇಲೆ. ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಫ್ರ್ಯಾಂಕ್ ಈಸ್ಟರ್‌ಬ್ರೂಕ್ ಕಂಪನಿಯ ಪರ ನಿಂತರು: ಕಾಗದ ಓದಿರಲಿ ಬಿಡಲಿ, ಇಟ್ಟುಕೊಂಡಿರಲ್ಲ, ಒಪ್ಪಿದಂತೆಯೇ. ದುಡ್ಡು ಕೊಟ್ಟ ಮೇಲೆ ಷರತ್ತು ತೋರಿಸುವ, ‘ಒಪ್ಪುತ್ತೇನೆ’ ಒತ್ತಿಸಿಕೊಳ್ಳುವ ಇಂದಿನ ಸಂಪ್ರದಾಯಕ್ಕೆ ನ್ಯಾಯಾಲಯದ ಬೆಂಬಲ ಗಟ್ಟಿಯಾದದ್ದು ಇಂಥ ಪ್ರಕರಣಗಳಿಂದ. ಅದೂ ಹಸುವಿನ ಮಚ್ಚೆಯ ಪೆಟ್ಟಿಗೆಯೊಳಗಿನ ಕಾಗದದಿಂದಲೇ, ಹಾಗೂ ಗೋಳಾಡುವವರು ಹೊನ್ನಿನ ಕಾಲ ಎನ್ನುವ ವರ್ಷಗಳಲ್ಲೇ.

ಅಗ್ಗಕ್ಕಿಳಿದರೆ ಹೆಸರು ಸಾಯುತ್ತದೆ ಎಂಬ ಮಾತಿಗೆ ಕಾಂಪ್ಯಾಕ್‌ನ ಚರಿತ್ರೆ ಇನ್ನೂ ಗಟ್ಟಿ ಉತ್ತರ. 1982ರಲ್ಲಿ ಹ್ಯೂಸ್ಟನ್‌ನಲ್ಲಿ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮರ್ಟೊ ಕಟ್ಟಿದ ಕಂಪನಿ ಅದು. ಐಬಿಎಂ ಪಿಸಿಯನ್ನು ಚಾಲೂ ಮಾಡುವ ಬಯಾಸ್ ತಂತ್ರಾಂಶವನ್ನು ಮೂಲ ಸಂಕೇತ ನೋಡದವರಿಂದ ಹೊಸದಾಗಿ ಬರೆಸಿ, ಕಾನೂನಿಗೆ ಸಿಕ್ಕದ ಹಾಗೆ ಐಬಿಎಂ ತಂತ್ರಾಂಶವೆಲ್ಲ ಓಡುವ, ಹಿಡಿ ಇರುವ ಸೂಟ್‌ಕೇಸಿನಂಥ ಯಂತ್ರ ಮಾಡಿತು. ತೂಕ ಸುಮಾರು 13 ಕಿಲೊ. ಅದನ್ನು ‘ಪೋರ್ಟಬಲ್’ ಎಂದು ಕರೆಯಲು ಧೈರ್ಯ ಬೇಕು. ಮಾರಿದ ಮೊದಲ ವರ್ಷದ ವಹಿವಾಟು 11 ಕೋಟಿ ಡಾಲರ್ ದಾಟಿತು. 1986ರಲ್ಲಿ ಇಂಟೆಲ್ 386 ಚಿಪ್ಪಿನ ಡೆಸ್ಕ್‌ಪ್ರೊ ತಂದು ಐಬಿಎಂಗೇ ಮೊದಲಾಯಿತು. ಇಷ್ಟು ದಿನ ಅದು ದುಬಾರಿ, ಗಟ್ಟಿಮುಟ್ಟು, ಇಂಜಿನಿಯರುಗಳ ಕಂಪನಿ. 1991ರಲ್ಲಿ ಡೆಲ್, ಗೇಟ್‌ವೇಗಳ ಬೆಲೆಯ ಮುಂದೆ ಮುಗ್ಗರಿಸಿತು. ಕ್ಯಾನಿಯನ್‌ರನ್ನು ಆಡಳಿತ ಮಂಡಳಿ ಕೆಳಗಿಳಿಸಿತು. ಅವರ ಜಾಗಕ್ಕೆ ಬಂದ ಎಕಾರ್ಡ್ ಫೈಫರ್ 1992ರ ಜೂನ್‌ನಲ್ಲಿ ಪ್ರೊಲಿನಿಯಾ ಎಂಬ ಅಗ್ಗದ ಸಾಲನ್ನು ಬಿಟ್ಟು, ಬೆಲೆಯನ್ನು ಧಡಕ್ಕನೆ ಇಳಿಸಿದರು. ಆಗಲೂ ‘ಹೆಸರು ಕೆಡುತ್ತದೆ’ ಎನ್ನಬಹುದಿತ್ತು. 1994ರ ಹೊತ್ತಿಗೆ ಕಾಂಪ್ಯಾಕ್ ಜಗತ್ತಿನಲ್ಲೇ ಅತಿ ಹೆಚ್ಚು ಪಿಸಿ ಮಾರುವ ಕಂಪನಿಯಾಗಿತ್ತು. ಬೆಲೆ ಇಳಿಸಿದರೂ ಆ ಯಂತ್ರದ ಹಿಂದೆ ಅದೇ ಇಂಜಿನಿಯರುಗಳು, ಅದೇ ಕಾರ್ಖಾನೆ, ಅದೇ ಕಂಪನಿ ನಿಂತಿತ್ತು.

2002ರಲ್ಲಿ ಎಚ್‌ಪಿ ಅದನ್ನು ನುಂಗಿಕೊಂಡ ಮೇಲೆ ಕಾಂಪ್ಯಾಕ್ ಎಂಬುದು ಎಚ್‌ಪಿಯ ಕೆಳದರ್ಜೆಯ ಹೆಸರಾಯಿತು. ತಮಾಷೆಯೆಂದರೆ, ನಮ್ಮಲ್ಲಿ ಕಾಂಪ್ಯಾಕ್ ಹೆಸರು ಕೇಳಿ ಕಣ್ಣು ತೇವ ಮಾಡಿಕೊಳ್ಳುವವರಲ್ಲಿ ಬಹುಪಾಲು ಮಂದಿ ಆ ಕೆಳದರ್ಜೆಯ ಕಾಲದ ಗಿರಾಕಿಗಳು. 2005ರ ಆಚೀಚೆ ಇಂಜಿನಿಯರಿಂಗ್ ಓದಿದವರು ಬ್ಯಾಂಕ್ ಸಾಲದಲ್ಲೋ ಅಪ್ಪನ ಪಿಎಫ್ ಹಣದಲ್ಲೋ ಕೊಂಡ ಮೊದಲ ಲ್ಯಾಪ್‌ಟಾಪ್ ಕಾಂಪ್ಯಾಕ್ ಪ್ರೆಸಾರಿಯೊ. ತೊಡೆ ಸುಡುತ್ತಿತ್ತು, ಬ್ಯಾಟರಿ ಎರಡು ಗಂಟೆಗೆ ಕೈ ಕೊಡುತ್ತಿತ್ತು, ಆದರೂ ಅದೇ ಸರ್ವಸ್ವ. ಹ್ಯೂಸ್ಟನ್‌ನ ಹಳೆಯ ಇಂಜಿನಿಯರನ ಕಣ್ಣಿಗೆ ಮೈಲಿಗೆಯಾಗಿ ಕಂಡ ಯಂತ್ರವೇ ಧಾರವಾಡ, ದಾವಣಗೆರೆಯ ಹುಡುಗರಿಗೆ ಚಿನ್ನದ ನೆನಪು. ಹೆಸರಿನ ಪಾವಿತ್ರ್ಯ ಎನ್ನುವುದು ನಾವು ಯಾವ ವಯಸ್ಸಿನಲ್ಲಿ ಯಾವ ಯಂತ್ರ ಕೊಂಡೆವು ಎಂಬುದರ ಲೆಕ್ಕವಷ್ಟೇ.

ಪ್ಯಾಕರ್ಡ್ ಬೆಲ್‌ನ ಕಥೆ ಚಿಕ್ಕದು, ಹೇಳಿಬಿಡುತ್ತೇನೆ. ಅದು ಮೂಲತಃ ರೇಡಿಯೊ ಕಂಪನಿ. 1986ರಲ್ಲಿ ಬೆನಿ ಅಲಾಜೆಮ್ ಮತ್ತು ಜೊತೆಗಾರರು ಕೊಂಡದ್ದು ಹೆಚ್ಚುಕಡಿಮೆ ಹೆಸರೊಂದನ್ನೇ. ಹ್ಯೂಲೆಟ್ ಪ್ಯಾಕರ್ಡ್‌ಗೂ ಬೆಲ್ ಟೆಲಿಫೋನಿಗೂ ಅದಕ್ಕೆ ಸಂಬಂಧವಿಲ್ಲ, ಆದರೆ ಕೊಳ್ಳುವವರ ಕಿವಿಗೆ ಎರಡೂ ಕೇಳಿಸುತ್ತಿದ್ದವು. 1990ರ ದಶಕದ ನಡುವೆ ಅಮೆರಿಕದ ಚಿಲ್ಲರೆ ಅಂಗಡಿಗಳಲ್ಲಿ ಮುಂಚೂಣಿಯಲ್ಲಿದ್ದ ಪಿಸಿ ಅದು. ಸತ್ತ ಹೆಸರಿಗೆ ಜೀವ ಕೊಟ್ಟು ಅಗ್ಗದ ಕಂಪ್ಯೂಟರ್ ಮಾರುವ ವಿದ್ಯೆ 2020ರ ಅವತಾರವಲ್ಲ. ತೈವಾನಿನ ಏಸರ್ 2007ರಲ್ಲಿ 71 ಕೋಟಿ ಡಾಲರಿಗೆ ಗೇಟ್‌ವೇಯನ್ನೂ ಮರುವರ್ಷ ಪ್ಯಾಕರ್ಡ್ ಬೆಲ್ಲನ್ನೂ ತನ್ನ ಬುಟ್ಟಿಗೆ ಹಾಕಿಕೊಂಡಿತು.

ಇನ್ನು ಹೊಸ ಯಂತ್ರಕ್ಕೆ ಬರೋಣ. 2020 ಕೋವಿಡ್ ವರ್ಷ. ಮನೆಯಲ್ಲಿ ಮೂರು ಮಕ್ಕಳು, ಮೂವರಿಗೂ ಪರದೆ ಬೇಕು, ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ಅಭಾವ. ವಾಲ್‌ಮಾರ್ಟ್‌ನಲ್ಲಿ 200 ಡಾಲರ್ ಎಣಿಸಿದ ತಾಯಿಗೆ 1990ರ ದಶಕದ ಮಚ್ಚೆ ಪೆಟ್ಟಿಗೆಯ ಮೋಹವಿತ್ತೇ? ಹೆಸರು ಕಂಡು ಮೋಸಹೋದರು ಎಂಬ ವಾದ ನನಗೆ ಇಲ್ಲೇ ಕುಂಟುತ್ತದೆ. ಹೆಸರು ನೆನಪಿದ್ದವರು ಆ ಯಂತ್ರ ಕೊಳ್ಳಲಿಲ್ಲ. ಕೊಂಡವರಲ್ಲಿ ಬಹಳ ಮಂದಿಗೆ ಹೆಸರಿನ ಹಂಗೇ ಇರಲಿಲ್ಲ. ಹೆಸರಿನ ಉಪಯೋಗ ಇದ್ದದ್ದು ಅಂಗಡಿಯ ಕಪಾಟಿಗೆ: ಹೆಸರಿಲ್ಲದ ಮಾಲು ಎಂದು ಕಾಣದಿರಲಿ ಎಂಬಷ್ಟಕ್ಕೆ.

ಅದೇ ಹೆಸರಿನಡಿ ಎರಡು ತೀರಾ ಬೇರೆ ಯಂತ್ರಗಳಿದ್ದವು ಎಂಬುದನ್ನು ಗೋಳಾಡುವವರು ಗಮನಿಸಲೇ ಇಲ್ಲ. ಒಂದು ರೈಜನ್ 5 ಪ್ರೊಸೆಸರ್, 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ ಇರುವಂಥದ್ದು. ಬೆಲೆಗೆ ನ್ಯಾಯವಾದ ಮಾಲು, ಕಾಲೇಜು ಮುಗಿಯುವತನಕ ಬಾಳುವಂಥದ್ದು. ಇನ್ನೊಂದು ತಳದ ಮೆಟ್ಟಿಲಿನದು: ಸೆಲೆರಾನ್ ಎನ್4020, 4 ಜಿಬಿ ಮೆಮೊರಿ, 64 ಜಿಬಿ ಇಎಂಎಂಸಿ. ನನ್ನ ಸಿಟ್ಟೆಲ್ಲ ಈ ಎರಡನೆಯದರ ಮೇಲೆ. ಇದಕ್ಕೂ ಗೇಟ್‌ವೇಗೂ ಸಂಬಂಧವಿಲ್ಲ; ಇದೇ ಅಳತೆಯ ಯಂತ್ರವನ್ನು ಇಂದಿಗೂ ಮರ್ಯಾದಸ್ತ ಎನಿಸಿಕೊಂಡ ದೊಡ್ಡ ಕಂಪನಿಗಳೂ ಧಾರಾಳವಾಗಿ ಮಾರಿವೆ, ನಮ್ಮ ಊರಿನ ಶೋರೂಮುಗಳಲ್ಲೂ.

ಇಂಥದ್ದರ ತಳದ ಸ್ಕ್ರೂಗಳನ್ನು ಬಿಚ್ಚಿ ನೋಡಬೇಕು. ಒಳಗೆ ಮುಕ್ಕಾಲು ಭಾಗ ಬ್ಯಾಟರಿ ಮತ್ತು ಖಾಲಿ ಜಾಗ. ಮೂಲೆಯಲ್ಲಿ ಅಂಗೈಯಗಲದ ಹಸಿರು ಬೋರ್ಡು. ಫ್ಯಾನ್ ಇಲ್ಲ, ಪ್ರೊಸೆಸರಿಗೆ ಆರು ವ್ಯಾಟ್ ಸಾಕು, ತಗಡಿನ ತುಂಡೊಂದು ಬಿಸಿ ಹೀರಿಕೊಳ್ಳುತ್ತದೆ. ಮೆಮೊರಿ ಬೋರ್ಡಿಗೇ ಬೆಸುಗೆ. ಶೇಖರಣೆಯ ಚಿಪ್ಪೂ ಅಲ್ಲೇ ಬೆಸುಗೆ. ಈ ಇಎಂಎಂಸಿ ಅಗ್ಗದ ಫೋನು, ಟ್ಯಾಬ್ಲೆಟ್ಟುಗಳಿಗೆಂದು ಬಳಕೆಗೆ ಬಂದದ್ದು. ಓದುವಾಗ ಬರೆಯಲಾರದು, ಬರೆಯುವಾಗ ಓದಲಾರದು. 64 ಜಿಬಿ ಎಂದು ಪೆಟ್ಟಿಗೆಯ ಮೇಲಿದ್ದರೂ ವಿಂಡೋಸ್ ಲೆಕ್ಕದಲ್ಲಿ ಅದು 60ಕ್ಕಿಂತ ಕಡಿಮೆ, ಅದರಲ್ಲಿ ವಿಂಡೋಸ್ ತಾನೇ ಅರ್ಧದಷ್ಟು ಜಾಗ ಹಿಡಿದು ಕೂರುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ದೊಡ್ಡ ಅಪ್‌ಡೇಟ್ ಬರುತ್ತದೆ. ಜಾಗ ಸಾಲದು, ಪೆನ್‌ಡ್ರೈವ್ ಚುಚ್ಚಿ ಎನ್ನುತ್ತದೆ. ಚುಚ್ಚಿದರೂ ಶೇಕಡಾವಾರು ಗೀಟು ಹತ್ತಿ ಹತ್ತಿ, ಕೊನೆಗೆ ‘ಬದಲಾವಣೆ ಹಿಂದಕ್ಕೆ ತೆಗೆದುಕೊಳ್ಳಲಾಗುತ್ತಿದೆ’ ಎಂದು ಮೊದಲಿಗೆ ಬಂದು ನಿಲ್ಲುತ್ತದೆ. ಆ ಮಧ್ಯೆ ಮಗುವಿನ ಆನ್‌ಲೈನ್ ಕ್ಲಾಸು ಮುಗಿದಿರುತ್ತದೆ. ರಿಪೇರಿ ಅಂಗಡಿಗೆ ಒಯ್ದರೆ, ಎಲ್ಲ ಕಡೆ ಒಂದೇ ಉತ್ತರ: ‘ಆನ್‌ಬೋರ್ಡ್ ಸಾರ್, ಏನೂ ಹಾಕಕ್ಕಾಗಲ್ಲ.’

ಈ 4 ಜಿಬಿ, 64 ಜಿಬಿ ಎಂಬ ಸಂಖ್ಯೆ ಆಮೇಲೂ ಅಳಿಯದೆ ಉಳಿದದ್ದು ಯಾಕೆ? ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಗೊತ್ತುಮಾಡಿದ ಕನಿಷ್ಠ ಅರ್ಹತೆ ಅಷ್ಟೇ: 4 ಜಿಬಿ ಮೆಮೊರಿ, 64 ಜಿಬಿ ಶೇಖರಣೆ. ಎನ್4020 ಕೂಡ ಅದರ ಅಧಿಕೃತ ಪಟ್ಟಿಯಲ್ಲಿದೆ. ಪಾಸಾಗಲು 35 ಅಂಕ ಎಂದರೆ ಸರಿಯಾಗಿ 35ಕ್ಕೇ ಓದುವ ಕಲೆಯನ್ನು ಬಜೆಟ್ ಲ್ಯಾಪ್‌ಟಾಪ್ ಮಾಡುವವರು ಕರಗತ ಮಾಡಿಕೊಂಡಿದ್ದಾರೆ. ಮಚ್ಚೆಯ ಗುರುತು ಕಂಡು ಕೆರಳಿದ ವಿಮರ್ಶಕರು ಈ ಕನಿಷ್ಠ ಅರ್ಹತೆಯ ಬಗ್ಗೆ ಅಷ್ಟೇ ಕೆರಳಿದ್ದರೆ ಅಂಥ ತಾಯಂದಿರಿಗೆ ಉಪಕಾರವಾಗುತ್ತಿತ್ತು.

ಹೆಸರುಗಳ ಮಾತು ಬಂದಿತಲ್ಲ, ಇನ್ನೊಂದು ಹೆಸರಿನ ಗತಿ ನೋಡಿ. ಸೆಲೆರಾನ್. 1998ರಿಂದ ಇಂಟೆಲ್‌ನ ಕೆಳದರ್ಜೆಯ ಚಿಪ್ಪಿಗೆ ಇದ್ದ ಹೆಸರು. ಇಪ್ಪತ್ತು ವರ್ಷಕ್ಕೂ ಮೀರಿ ಬಳಕೆಯಾಗಿ, ತಂತ್ರಜ್ಞಾನ ತಿಳಿಯದವರಿಗೂ ಅದರ ಗುಣ ಗೊತ್ತಾಗಿತ್ತು. ‘ಸೆಲೆರಾನ್ ತಗೋಬೇಡಿ, ನಿಧಾನ’ ಎಂದು ಪಕ್ಕದ ಮನೆಯವರೂ ಹೇಳುತ್ತಿದ್ದರು. ಅಂದರೆ ಕೊಳ್ಳುವವರಿಗೆ ನಿಜವಾಗಿ ಕೆಲಸಕ್ಕೆ ಬರುತ್ತಿದ್ದ ಹೆಸರು ಅದು. 2022ರಲ್ಲಿ ಇಂಟೆಲ್ ಅದನ್ನೂ ಪೆಂಟಿಯಮ್ ಹೆಸರನ್ನೂ ಲ್ಯಾಪ್‌ಟಾಪ್‌ಗಳಿಂದ ಕೈಬಿಡುವುದಾಗಿ ಸಾರಿತು. ಮುಂದಿನ ವರ್ಷದಿಂದ ಆ ದರ್ಜೆಯ ಚಿಪ್ಪುಗಳಿಗೆ ಬರೀ ‘ಇಂಟೆಲ್ ಪ್ರೊಸೆಸರ್’ ಎಂಬ ಮಾನದ ಹೆಸರು. ಎಚ್ಚರಿಕೆಯ ಫಲಕವನ್ನು ಕಿತ್ತುಹಾಕಿದಂತಾಯಿತು. ಇದಕ್ಕೆ ಯಾರೂ ಅಷ್ಟಾಗಿ ಅತ್ತ ನೆನಪಿಲ್ಲ. ಒಳ್ಳೆಯ ಹೆಸರು ಕೆಟ್ಟ ಯಂತ್ರಕ್ಕೆ ಬಿದ್ದರೆ ಹಾಹಾಕಾರ. ಕೆಟ್ಟ ಹೆಸರು ಸದ್ದಿಲ್ಲದೆ ಮಾಯವಾದರೆ ಮೌನ.

ಹಾಗೆಂದು ಹೆಸರಿಗೆ ಬೆಲೆಯೇ ಇಲ್ಲ ಎನ್ನಲಾರೆ. 2005ರಲ್ಲಿ ಐಬಿಎಂ ತನ್ನ ಪಿಸಿ ವಿಭಾಗವನ್ನು ಚೀನಾದ ಲೆನೊವೊಗೆ ಮಾರಿದಾಗಲೂ ಅದರ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಸತ್ತಿತು ಎಂದು ಶೋಕಿಸಿದವರಿದ್ದರು. ಅದು ಸಾಯಲಿಲ್ಲ, ಯಾಕೆಂದರೆ ಜಪಾನಿನ ಯಾಮಾಟೊ ಪ್ರಯೋಗಾಲಯದಲ್ಲಿ ಅದನ್ನು ವಿನ್ಯಾಸ ಮಾಡುತ್ತಿದ್ದವರೂ ಹೆಸರಿನ ಜೊತೆಗೇ ಹೋದರು. 2014ರಲ್ಲಿ ಸೋನಿ ವಾಯೊವನ್ನು ಕೈಬಿಟ್ಟಾಗಲೂ ಹಾಗೆಯೇ: ನಾಗಾನೊ ಪ್ರಾಂತ್ಯದ ಅಝುಮಿನೊ ಕಾರ್ಖಾನೆ ಹೆಸರಿನ ಜೊತೆ ಹೊಸ ಕಂಪನಿಗೆ ಬಂತು. ಆದರೆ ಅದೇ ವಾಯೊ ಹೆಸರು ಪರವಾನಗಿಯ ಮೇಲೆ ಹಾಂಗ್‌ಕಾಂಗ್‌ನ ನೆಕ್ಸ್ಟ್‌ಗೋ ಕಂಪನಿಗೂ ಹೋಯಿತು, 2021ರ ಜನವರಿಯಲ್ಲಿ ಫ್ಲಿಪ್‌ಕಾರ್ಟ್ ಮೂಲಕ ಭಾರತಕ್ಕೆ ಬಂದದ್ದು ಅವರ ಯಂತ್ರ. ಮುಚ್ಚಳದ ಮೇಲೆ ಅದೇ ನಾಲ್ಕು ಅಕ್ಷರ, ಒಳಗೆ ಬೇರೆ ಬಾಣಸಿಗ. ಬೋರ್ಡು ಹಳೆಯದೇ ಉಳಿದು ಅಡುಗೆ ಭಟ್ಟರು ಬದಲಾದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಯಂತ್ರ ಕೆಟ್ಟದ್ದೆಂದಲ್ಲ, ಅಗ್ಗದ್ದೂ ಅಲ್ಲ. 60 ಸಾವಿರ ರೂಪಾಯಿ ದಾಟಿತ್ತು. ಅಗ್ಗವೋ ದುಬಾರಿಯೋ ಎಂಬ ಪ್ರಶ್ನೆಯೇ ತಪ್ಪು ಎಂದು ನಾನು ಹೇಳುವುದು ಇದಕ್ಕೇ. ಜನ, ಕಾರ್ಖಾನೆ, ಹೊಣೆ ಹೆಸರಿನ ಜೊತೆ ಬಂದವೇ, ಇಲ್ಲ ಹೆಸರೊಂದೇ ಬಾಡಿಗೆಗೆ ಬಂತೇ ಎಂಬುದನ್ನು ಕೇಳಬೇಕು.

ಈ ಬಾಡಿಗೆ ವ್ಯವಹಾರ ನಮಗೂ ದೂರದ್ದಲ್ಲ. ಗೇಟ್‌ವೇ ಹೆಸರಿನ ಒಡೆಯ ಏಸರ್ ತನ್ನ ಸ್ವಂತ ಹೆಸರನ್ನೇ ಭಾರತದಲ್ಲಿ ಟಿವಿಗಳಿಗೆ, ಈಚೆಗೆ ಮೊಬೈಲ್ ಫೋನುಗಳಿಗೆ, ಬೆಂಗಳೂರಿನ ಇಂಡ್‌ಕಲ್ ಟೆಕ್ನಾಲಜೀಸ್‌ಗೆ ಪರವಾನಗಿಯ ಮೇಲೆ ಕೊಟ್ಟಿದೆ. ಕಾಂಪ್ಯಾಕ್ ಹೆಸರಿನ ಟಿವಿಗಳೂ ಇಲ್ಲಿ ಬಂದಿವೆ. ಇದರಲ್ಲಿ ಕಳ್ಳತನವೇನಿಲ್ಲ, ಮುಚ್ಚುಮರೆಯೂ ಇಲ್ಲ. ಆದರೆ ಟಿವಿ ಕೊಳ್ಳುವ ಎಷ್ಟು ಜನ ಪೆಟ್ಟಿಗೆಯ ಪಕ್ಕದ ಸಣ್ಣ ಅಕ್ಷರ ಓದುತ್ತಾರೆ?

‘ಕಡಿಮೆ ದುಡ್ಡಿದ್ದರೆ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಕೊಳ್ಳಿ, ಈ ಕಸ ಯಾಕೆ?’ ಎಂಬುದು ತಿಳಿದವರ ನೆಚ್ಚಿನ ಬುದ್ಧಿವಾದ. ನನ್ನ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದು ನನ್ನಂಥವರು ಜೊತೆಗೆ ಇದ್ದವರಿಗೆ ಮಾತ್ರ ಒದಗುವ ಸಲಹೆ. ಬ್ಯಾಟರಿ ಎಷ್ಟು ಸವೆದಿದೆ, ಪ್ರೊಸೆಸರ್ ಯಾವ ತಲೆಮಾರಿನದು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಅದಕ್ಕೆ 11 ಹತ್ತುತ್ತದೋ ಇಲ್ಲವೋ, ಬಯಾಸ್‌ಗೆ ಯಾವುದೋ ಹಳೆಯ ಕಚೇರಿಯ ಪಾಸ್‌ವರ್ಡ್ ಉಳಿದಿದೆಯೋ ಎಂದೆಲ್ಲ ನೋಡಲು ಬಲ್ಲವರು ಬೇಕು. ಕೈಯಲ್ಲಿ ಹದಿನೈದು ಸಾವಿರ ಹಿಡಿದು ತಾಲ್ಲೂಕು ಕೇಂದ್ರದ ಅಂಗಡಿಗೆ ಬಂದ ಮನೆಯವರಿಗೆ ಹೊಸ ಪೆಟ್ಟಿಗೆ, ಬಿಲ್ಲು, ಒಂದು ವರ್ಷದ ವಾರಂಟಿ ಧೈರ್ಯ ಕೊಡುತ್ತವೆ. ಅವರ ಆಯ್ಕೆ ದಡ್ಡತನವಲ್ಲ. ಅಗ್ಗದ ಹೊಸ ಯಂತ್ರಕ್ಕೆ ಜಾಗ ಇದ್ದೇ ಇದೆ, ಅದು ನೆಟ್ಟಗಿರಬೇಕಷ್ಟೆ.

ನೆಟ್ಟಗೆ ಮಾಡಿಸುವ ದಾರಿಗಳೂ ಹೊಸದಾಗಿ ಹುಡುಕಬೇಕಾದ್ದಲ್ಲ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ಅದನ್ನು ಎಷ್ಟರಮಟ್ಟಿಗೆ ರಿಪೇರಿ ಮಾಡಬಹುದು ಎಂಬುದಕ್ಕೆ ಹತ್ತರಲ್ಲಿ ಇಂತಿಷ್ಟು ಅಂಕ ಎಂದು ಬೆಲೆಯ ಪಕ್ಕದಲ್ಲೇ ತೋರಿಸಬೇಕು. ಬಿಡಿಭಾಗ ಸಿಗುತ್ತದೆಯೇ, ಬಿಚ್ಚುವುದು ಎಷ್ಟು ಸುಲಭ ಎಂಬುದೆಲ್ಲ ಆ ಅಂಕದೊಳಗೆ ಬರುತ್ತದೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಒಂದು ಚೊಕ್ಕ ವಾಕ್ಯವಿದೆ, ಸೆಕ್ಷನ್ 2(36)ರಲ್ಲಿ. ‘ಉತ್ಪನ್ನ ತಯಾರಕ’ ಎಂದರೆ ಮಾಡಿದವನು ಮಾತ್ರವಲ್ಲ; ಬೇರೆಯವರ ಭಾಗಗಳನ್ನು ಜೋಡಿಸಿದವನೂ ಹೌದು, ಬೇರೆಯವರು ಮಾಡಿದ್ದಕ್ಕೆ ತನ್ನ ಗುರುತು ಹಾಕಿದವನೂ, ಹಾಕಿಸಿದವನೂ ಹೌದು. ಎಸ್.ಪಿ. ರಸ್ತೆಯ ಅಸೆಂಬಲ್ಡ್ ಅಂಗಡಿಯಿಂದ ಹಿಡಿದು ಹೆಸರು ಬಾಡಿಗೆಗೆ ಬಿಡುವ ಜಾಗತಿಕ ಕಂಪನಿಯ ತನಕ ಎಲ್ಲರನ್ನೂ ಆ ಒಂದು ವಾಕ್ಯದೊಳಗೆ ತರಲು ಸಾಧ್ಯವಿದೆ ಎಂದೇ ನನ್ನ ಓದು. ತೊಡಕೆಂದರೆ, ಉತ್ಪನ್ನ ಹೊಣೆಗಾರಿಕೆಯ ಆ ಅಧ್ಯಾಯ ಇರುವುದು ಬ್ಯಾಟರಿ ಸಿಡಿದು ಮೈ ಸುಟ್ಟರೆ, ಮನೆಗೆ ಹಾನಿಯಾದರೆ. ಯಂತ್ರ ತಾನೇ ಎರಡನೆಯ ವರ್ಷಕ್ಕೆ ಅಪ್‌ಡೇಟ್ ನುಂಗಲಾರದೆ ಕೂತುಬಿಟ್ಟರೆ ಆ ಅಧ್ಯಾಯ ಒದಗುವುದಿಲ್ಲ. ಮಾಮೂಲಿ ದೋಷದ ದೂರು ಕೊಟ್ಟು, ಬಿಲ್ಲಿನಲ್ಲಿರುವ ಮಾರಾಟಗಾರನ ಹಿಂದೆ ಜಿಲ್ಲಾ ಆಯೋಗಕ್ಕೆ ಅಲೆಯಬೇಕು. ಗುರುತು ಹಾಕಿಸಿದವನ ಹೊಣೆಯನ್ನು ವಾರಂಟಿ, ಬಿಡಿಭಾಗ, ತಂತ್ರಾಂಶದ ಅಪ್‌ಡೇಟುಗಳಿಗೂ ವಿಸ್ತರಿಸಿದರೆ, ಮರುದಿನವೇ ಹಳೆಯ ಹೆಸರುಗಳ ಬಾಡಿಗೆ ದರ ಏರುತ್ತದೆ, 4 ಜಿಬಿಯ ಯಂತ್ರಕ್ಕೆ ತಮ್ಮ ಹೆಸರು ಕೊಡುವ ಮುನ್ನ ಒಡೆಯರು ಅದರ ತಳದ ಸ್ಕ್ರೂ ಬಿಚ್ಚಿಸಿ ನೋಡುತ್ತಾರೆ.